ಅಪ್ಪನ ಚೆಂಡು, ನನ್ನ ಎರಡು ಜೇಬು

ನನ್ನ ಮುತ್ತಜ್ಜ ಟಾಲೆಫ್ ನಾರ್ವೆಯಿಂದ ಬಂದು, ಒಂದು ಜೊತೆ ಎತ್ತು ಕಟ್ಟಿಕೊಂಡು, ಅಯೋವಾದ ಹುಲ್ಲುಗಾವಲನ್ನು ಸೀಳಿದವನು. ನೆರೆಯವರು ನೇಗಿಲಿಗೆ ಕೈ ಹಾಕಲು ಬಂದರೆ ಗದರಿಸಿ ಅಟ್ಟುತ್ತಿದ್ದನಂತೆ. ಅಜ್ಜ ಹಾಲ್ವರ್ ಒಬ್ಬನೇ ಬಾವಿ ತೋಡಿದ. ತೋಡಿ ಮುಗಿದ ಮೇಲೆ ಏಣಿ ಮೇಲೆಯೇ ಉಳಿದಿದೆ ಎಂದು ಗೊತ್ತಾಯಿತು. ಆದರೂ ಯಾರನ್ನೂ ಕೂಗಲಿಲ್ಲ! ಗೋಡೆಯಲ್ಲಿ ಗುಳಿ ಕೊರೆಯುತ್ತಾ ತಾನೇ ಹತ್ತಿ ಬಂದ. ಇನ್ನು ನನ್ನಪ್ಪ ಸೆಲ್ಮರ್. ಚಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ನಮ್ಮ ತಂಡದವನು ಗೋಡೆಯಾಚೆಗೆ ಹೊಡೆದ ಚೆಂಡನ್ನು ಪ್ರೇಕ್ಷಕರ ಸಾಲಿನಿಂದಲೇ ಬರಿಗೈಯಲ್ಲಿ ಹಿಡಿದು, ಅಲ್ಲಿನ ಪದ್ಧತಿಯಂತೆ ಮನೆಗೆ ತಂದ ಮಹಾಶಯ! ಇನ್ನೊಂದು ಕೈಯಲ್ಲಿದ್ದ ಬಿಯರು ಒಂದು ತೊಟ್ಟೂ ಚೆಲ್ಲಲಿಲ್ಲ.

ಇಂಥ ವಂಶದ ಕುಡಿ ನಾನು, ವರ್ಜಿಲ್ ಟಾಲೆಫ್‌ಸನ್. ಶಾಲೆಗೆ ಬೇಗ ಬೆನ್ನು ತೋರಿಸಿ, ಗಾಳಿಯಂತ್ರದ ರಿಪೇರಿಯಿಂದ ಹಸುವಿನ ಹೆರಿಗೆಯವರೆಗೆ ಎಲ್ಲವನ್ನೂ ನನಗೆ ನಾನೇ ಕಲಿಸಿಕೊಂಡವನು. ಆದರೆ ಚೆಂಡು? ಒಂದೂ ಹಿಡಿದಿಲ್ಲ! ಅಪ್ಪನ ಚೆಂಡು ಗಡಿಯಾರದ ಪಕ್ಕ ಕೂತು ದಿನವೂ ನನ್ನನ್ನು ಅಣಕಿಸುತ್ತಿತ್ತು.

"ಈ ಬೇಸಿಗೆಯಲ್ಲಿ ಮೈದಾನ ಮೈದಾನ ಸುತ್ತಿ ಒಂದು ಚೆಂಡು ಹಿಡಿದೇ ಬರ್ತೀನಿ! ಕೈಗವಸು ಬೇಡ, ನಕ್ಷೆ ಬೇಡ, ಯಾರ ಸಹಾಯಾನೂ ಬೇಡ!" ಎಂದು ಘೋಷಿಸಿದೆ.

"ಊರು ತಲುಪೋದಾದ್ರೂ ಬೇಕೋ, ಅದೂ ಬೇಡ್ವೋ?" ಎಂದಳು ಹೆಂಡತಿ ವರ್ನಾ.

ಹೊರಟೆವು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ಇಂಗಾ, ನನ್ನ ಜಾಕೆಟ್ಟಿನ ಎಡ ಜೇಬಿನಲ್ಲಿ ಅಪ್ಪನ ಚೆಂಡು. ಅದರ ವಾಸನೆ ಹಿಡಿದು ಇನ್ನೊಂದು ಚೆಂಡು ಹುಡುಕಿಕೊಂಡು ಬರುತ್ತದೆಂಬುದು ನನ್ನ ಸಿದ್ಧಾಂತ.

ಕಾನ್ಸಾಸ್ ಸಿಟಿಯಲ್ಲಿ ಮೈದಾನ ಕಣ್ಣಿಗೆ ಕಾಣುತ್ತಿತ್ತು, ಕಾರಿಗೆ ಸಿಗುತ್ತಿರಲಿಲ್ಲ.

"ಅಜ್ಜ, ಫೋನಲ್ಲಿ ದಾರಿ ನೋಡ್ಲಾ?"

"ಬೇಡ ಮಗಳೇ, ನನ್ನ ಮೂಗಿಗೆ ಗೊತ್ತು."

"ನಿಮ್ಮ ಮೂಗು ಡೋನಟ್ ಅಂಗಡಿ ಬಿಟ್ಟು ಬರ್ತಾನೇ ಇಲ್ಲ ಕಣ್ರೀ," ಎಂದಳು ವರ್ನಾ. "ಆ ಅಂಗಡಿಯವಳು ಆಗ್ಲೇ ಕೈ ಬೀಸೋಕೆ ಶುರುಮಾಡಿದಾಳೆ!"

ಸೇಂಟ್ ಲೂಯಿಸ್‌ನಲ್ಲಿ, ಊರಿನ ಹೆಸರಾಂತ ಭಾರೀ ಕಮಾನಿನ ತುದಿಗೆ ಪ್ರವಾಸಿಗರನ್ನು ಒಯ್ಯುವ ಪುಟ್ಟ ಲಿಫ್ಟಿನ ಡಬ್ಬಿಯಲ್ಲಿ ನನ್ನ ಮಂಡಿ ಕಿವಿಗೆ ತಾಗಿ, ಮೊಟ್ಟೆಯೊಳಗಿನ ಕೋಳಿಮರಿಯಾದೆ. ಸಂಜೆ ಆಟದಲ್ಲಿ ಒಂದು ಚೆಂಡು ನೇರ ನನ್ನತ್ತಲೇ ಬಂತು! ಎರಡೂ ಕೈ ಚಾಚಿದೆ. ಅದು ಪಕ್ಕದವನ ಚೀಸು ಸುರಿದ ಚಿಪ್ಸಿನ ತಟ್ಟೆಗೆ ಬಿತ್ತು. ಚೆಂಡು ಅವನಿಗೆ, ಚೀಸು ನನಗೆ!

ಎರಡು ಊರಲ್ಲೂ ಬರಿಗೈ; ಉಳಿದದ್ದು ಚಿಕಾಗೋ. ನಮ್ಮ ತಂಡ, ಅಪ್ಪ ಕೂತಿದ್ದ ಅದೇ ಹಳೆಯ ಮೈದಾನ, ಬಳ್ಳಿ ಹಬ್ಬಿದ ಇಟ್ಟಿಗೆ ಗೋಡೆಯ ಮೇಲೆ ಮೊದಲ ಸಾಲು. ಅಲ್ಲೊಂದು ಕಟ್ಟಳೆಯಿದೆ. ಎದುರಾಳಿ ಹೊಡೆದ ಚೆಂಡು ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ; ಥೂ ಎಂದು ಮೈದಾನಕ್ಕೇ ತಿರುಗಿ ಎಸೆಯಬೇಕು. ಜಾಣರು ಒಂದು ಅಗ್ಗದ ಚೆಂಡು ತಂದು, ಅದನ್ನೆಸೆದು, ಅಸಲಿಯನ್ನು ಮನೆಗೊಯ್ಯುತ್ತಾರೆ. ನಾನೂ ಜಾಣನೇ! ಬಲ ಜೇಬಿಗೆ ಅಗ್ಗದ್ದು ಸೇರಿಸಿದೆ.

"ಮಾವನ ಚೆಂಡು ನನ್ನ ಚೀಲಕ್ಕೆ ಕೊಡಿ. ಗಡಿಬಿಡೀಲಿ ನಿಮಗೆ ಎಡ ಬಲ ತಿಳಿಯಲ್ಲ," ಎಂದಳು ವರ್ನಾ.

"ನನ್ನ ಜೇಬು ನನಗೆ ಗೊತ್ತಿಲ್ವೇನೆ?"

ಅಷ್ಟರಲ್ಲಿ ಟಪ್ಪೆಂದಿತು ಬ್ಯಾಟು! ಎದುರಾಳಿಯ ಹೊಡೆತ. ಚೆಂಡು ಆಕಾಶಕ್ಕೇರಿ, ಯೋಚಿಸಿ, ನನ್ನನ್ನೇ ಆರಿಸಿಕೊಂಡು ಇಳಿಯಿತು. ಅಂಗೈಗೆ ಕೆಂಡ ಬಿದ್ದಂತಾಯಿತು. ಬಿಡಲಿಲ್ಲ! ಹಿಡಿದೆ! ನನ್ನ ಬಿಯರು ಪೂರ್ತಿ ಇಂಗಾಳ ತಲೆಯ ಮೇಲಿತ್ತು, ಅದು ಬೇರೆ ಮಾತು.

"ಎಸಿ! ಎಸಿ!" ಜನ ಬೊಬ್ಬಿಟ್ಟರು. ಅಸಲಿಯನ್ನು ಜೇಬಿಗೆ ತುರುಕಿ, ನಕಲಿಯನ್ನು ಸೆಳೆದು, ವೀರನಂತೆ ಬೀಸಿ ಎಸೆದೆ. ಜನ ಕುಣಿದರು!

ವರ್ನಾ ಮಾತ್ರ ಕುಣಿಯಲಿಲ್ಲ. "ರೀ, ಹೊಸ ಚೆಂಡು ಅಷ್ಟು ಕಂದು ಬಣ್ಣ ಇರುತ್ತಾ?"

ಜೇಬು ತಡಕಿದೆ. ನಾನು ಎಸೆದದ್ದು ಅಪ್ಪನ ಚೆಂಡು! ಪುಣ್ಯಕ್ಕೆ ನನ್ನ ತೋಳಿನಲ್ಲಿ ಅಪ್ಪನ ಕಸುವಿಲ್ಲ. ಅದು ಮೈದಾನ ಮುಟ್ಟದೆ, ಗೋಡೆಯ ನೆತ್ತಿಗೆ ಕಟ್ಟಿದ ತಂತಿಬಲೆಯಲ್ಲಿ, ನನ್ನ ಮೂಗಿನ ಕೆಳಗೇ ಕೂತಿತ್ತು.

ಬಗ್ಗಿದೆ. ಇನ್ನೂ ಬಗ್ಗಿದೆ. ಬೆರಳು ತಾಗಿತು, ಮುಷ್ಟಿಗೂ ಬಂತು, ಅಷ್ಟರಲ್ಲಿ ಕಾಲು ನೆಲ ಬಿಟ್ಟಿತು! ಪ್ಯಾಂಟಿನ ಹೆಗಲಪಟ್ಟಿ ಕಂಬಿಗೆ ಸಿಕ್ಕಿಕೊಂಡು, ತಲೆ ಕೆಳಗಾಗಿ ನೇತಾಡಿದೆ. ಎರಡೂ ಜೇಬು ಮಗುಚಿ, ಅಗ್ಗದ ಚೆಂಡೂ ನಾನು ಹಿಡಿದ ಚೆಂಡೂ ಬಲೆಯಂಚಿಗೆ ಪುಟಿದು ಮೈದಾನಕ್ಕುರುಳಿದವು. ಜನ ಮತ್ತೆ ಕುಣಿದರು! ಅಪ್ಪನದು ಮಾತ್ರ ಮುಷ್ಟಿಯಲ್ಲಿ ಬೆಚ್ಚಗಿತ್ತು. ಸತ್ಯ ಹೇಳಲೇ? ಅಷ್ಟೇ ಸಾಕೆನಿಸಿತು.

"ಅಜ್ಜ, ಕಾಲು ಹಿಡಿದು ಎಳೀಲಾ?" ಎಂದಳು ಇಂಗಾ.

"ರೀ, ದೊಡ್ಡ ಪರದೆ ತುಂಬಾ ನಿಮ್ಮ ಪ್ಯಾಂಟಿನ ಹಿಂಭಾಗಾನೇ ಬರ್ತಿದೆ! ಕೈ ಕೊಡಿ!" ಎಂದಳು ವರ್ನಾ.

"ಬೇಡ! ಯಾರೂ ಮುಟ್ಟಬೇಡಿ!" ಎಂದು ಗುಡುಗಿದೆ. "ನಮ್ಮಜ್ಜ ಬಾವಿಯಿಂದ ತಾನೇ ಹತ್ತಿ ಬಂದವನು, ನಾನೂ ಬರ್ತೀನಿ. ಅಲ್ಲೀವರೆಗೆ ಇಲ್ಲಿಂದಲೇ ಆಟ ನೋಡ್ತೀನಿ. ಸ್ಕೋರೂ ನೀವೇನು ಹೇಳಬೇಕಾಗಿಲ್ಲ, ನಾನೇ ಓದ್ಕೋತೀನಿ. ಬೋರ್ಡನ್ನ ಯಾರೋ ತಲೆಕೆಳಗಾಗಿ ನಿಲ್ಲಿಸಿದಾರೆ, ಅಷ್ಟೇ!"