ಮೊದಲ ಅರ್ಥಕ್ಕೇ ಕೈಚಾಚಿದವಳ ದೂರು

ಗ್ರಂಥಾಲಯದ ಮೂರನೇ ಕಪಾಟಿನಲ್ಲಿ ವಿರಾಜಮಾನರಾಗಿರುವ ಇಂಗ್ಲಿಷ್-ಸ್ಪ್ಯಾನಿಷ್ ನಿಘಂಟಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಬೈಂಡಿಂಗ್ ಭದ್ರವಾಗಿದೆಯೆಂದೂ ಗೆದ್ದಲಿನ ಬಾಧೆ ಇಲ್ಲವೆಂದೂ ನಂಬಿ, ಸ್ಪ್ಯಾನಿಷ್ ವಿಭಾಗದ ಮೊದಲ ವರ್ಷದ ವಿದ್ಯಾರ್ಥಿನಿಯಾದ ನಾನು ಈ ದೂರನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ.

ಕಳೆದ ವಾರದ ಟೆಸ್ಟಿನಲ್ಲಿ ಮಂಚ ರಿಪೇರಿ ಮಾಡುವ ಬಗೆಯನ್ನು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ತರಬೇಕಿತ್ತು. ತಮ್ಮನ್ನು ನೋಡಲು ಅನುಮತಿಯೂ ಇತ್ತು. 'ನೇಲ್' ಎಂದು ಕೇಳಿದೆ. ತಾವು ಕೂಡಲೇ 'ಉನ್ಯಾ' ದಯಪಾಲಿಸಿದಿರಿ, ಅಂದರೆ ಬೆರಳಿನ ಉಗುರು. ಬಡಗಿಯ ಮೊಳೆಯಾದ 'ಕ್ಲಾವೊ' ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಸಂಕೋಚದಿಂದ ನಿಂತಿತ್ತು. 'ಸ್ಪ್ರಿಂಗ್' ಕೇಳಿದರೆ 'ಪ್ರಿಮವೇರಾ' ಎಂದು ವಸಂತಕಾಲವನ್ನೇ ಎತ್ತಿಕೊಟ್ಟಿರಿ. ಹೀಗಾಗಿ ನನ್ನ ಅನುವಾದದಲ್ಲಿ ಹಾಸಿಗೆಯಿಂದ ಹಳೆಯ ವಸಂತವನ್ನು ಕಿತ್ತು ಹೊಸ ವಸಂತವನ್ನು ಕೂರಿಸಲಾಯಿತು. ಇಷ್ಟು ಕಾವ್ಯಮಯವಾದ ಮಂಚವನ್ನು ಯಾವ ಬಡಗಿಯೂ ಮಾಡಿರಲಾರ, ಅದಕ್ಕೆ ವಂದನೆಗಳು. ಮೇಡಂ ಮಾತ್ರ ತರಗತಿಯಲ್ಲೆಲ್ಲ ಕೇಳುವಂತೆ, "ಅಲ್ಲಮ್ಮಾ, ಉಗುರಿಗೆ ಸುತ್ತಿಗೆಯಲ್ಲಿ ಹೊಡಿ ಅಂತ ಬರ್ದಿದೀಯಲ್ಲ, ಈ ಬಡಗಿ ಮನೆಗೆ ಹೋಗೋದಾ, ಆಸ್ಪತ್ರೆಗಾ?" ಎಂದರು.

ನಾನು ಫೇಲ್. ಸೋಮವಾರ ಮರುಪರೀಕ್ಷೆ, ಅದರಲ್ಲೂ ಬಿದ್ದರೆ, ಅಮ್ಮನ ಜೊತೆ ಒಂದು ತಿಂಗಳು ಜಗಳವಾಡಿ ಸೇರಿದ ಈ ವಿಭಾಗದಿಂದ ನನ್ನನ್ನು ಎತ್ತಿ ಸಂಖ್ಯಾಶಾಸ್ತ್ರಕ್ಕೆ ಹಾಕುತ್ತಾರೆ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಊಟದ ಸಾಲಿನಲ್ಲಿ ತಟ್ಟೆಗೆ ಮೊದಲು ಬಿದ್ದದ್ದನ್ನು ತೆಗೆದುಕೊಂಡು ಮುಂದೆ ಸರಿಯಬೇಕು. ಪಾತ್ರೆಯ ತಳದಲ್ಲಿ ಏನಿದೆ ಎಂದು ಬಗ್ಗಿ ನೋಡಿದರೆ ಹಿಂದಿನವರ ಮೊಣಕೈ, ಮುಂದೆ ವಾರ್ಡನ್ ಆಂಟಿಯ ಕಣ್ಣು. ತಮ್ಮ ಮುಂದೆಯೂ ಹಾಗೇ ನಿಂತೆ: ಮೊದಲು ಸಿಕ್ಕ ಅರ್ಥ, ಥ್ಯಾಂಕ್ಯೂ, ನೆಕ್ಸ್ಟ್.

ಆದ್ದರಿಂದ ವಿನಂತಿಯೇನೆಂದರೆ, ಇನ್ನು ಮುಂದೆ ತಾವು ಪದ ಹುಡುಕುವವರ ಮುಖ ನೋಡಿ, ಬೇಕಾದ ಅರ್ಥವನ್ನು ತಾವಾಗಿಯೇ ಮೇಲಕ್ಕೆ ತಂದಿಡಬೇಕು. ಅದು ಆಗದಿದ್ದರೆ, ನಾನು ತಪ್ಪು ಅರ್ಥದ ಮೇಲೆ ಬೆರಳಿಟ್ಟಾಗ ಮೇಡಂಗೆ ಕೇಳಿಸದಂತೆ ಒಮ್ಮೆ ಕೆಮ್ಮಬೇಕು.

ನಿನ್ನೆ ತಮ್ಮ ಪುಟಗಳನ್ನು ಪಟಪಟನೆ ಮಗುಚುತ್ತಿದ್ದಾಗ ಗ್ರಂಥಪಾಲಕರು ಕನ್ನಡಕದ ಮೇಲಿಂದ ನೋಡಿ, "ನಿಧಾನ ಕಣಮ್ಮಾ, ನಿನ್ನ ಹಿಂದೆ ಯಾರೂ ನಿಂತಿಲ್ಲ" ಎಂದರು. ತಿರುಗಿ ನೋಡಿದೆ, ನಿಜವಾಗಿಯೂ ಯಾರೂ ಇರಲಿಲ್ಲ. ಹಾಗಾಗಿ 'ಲೈಟ್' ಪದದ ಅಷ್ಟೂ ಅರ್ಥಗಳನ್ನು ಕೊನೆಯ ಸಾಲಿನವರೆಗೆ ಓದಿದೆ. ಮುಕ್ಕಾಲು ಗಂಟೆ ಹಿಡಿಯಿತು. ಹೇಳಲು ಹೊಟ್ಟೆ ಉರಿಯುತ್ತದೆ, ಆದರೆ ತುಂಬಾ ಚೆನ್ನಾಗಿತ್ತು.

ಇಷ್ಟೆಲ್ಲ ಆದ ಮೇಲೂ, ಬೇರೆ ನಿಘಂಟಿಲ್ಲದ ಕಾರಣ,
ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಮೊದಲ ವರ್ಷದವಳು

ತಾ.ಕ. (ಫಲಿತಾಂಶದ ನಂತರ ಸೇರಿಸಿದ್ದು): ಪಾಸಾಗಲು ನಲವತ್ತು ಬೇಕಿತ್ತು, ನಲವತ್ತೊಂದು ಬಂದಿದೆ. ನಲವತ್ತು ನಾನು ಓದಿ ಗಳಿಸಿದ್ದು. ಉಳಿದ ಒಂದನ್ನು ತಾವು ಇಟ್ಟುಕೊಳ್ಳಬಹುದು, ಸಂಕೋಚ ಬೇಡ.