ಫ್ರಾನ್ಸಿಗೆಂದು ಅಕ್ಕಲಕೋಟದಲ್ಲಿಟ್ಟ ಗಂಟು

ಸೊಲ್ಲಾಪುರದ ಪೈಪು ವ್ಯಾಪಾರಿ ರಾಚಪ್ಪನವರಿಗೆ ಬಹುಮಾನ ಬಂದಿತ್ತು. ಅವರ ಮುಖ ನೋಡಿದವರು ಯಾರೂ ಹಾಗೆಂದು ಊಹಿಸುವಂತಿರಲಿಲ್ಲ.

ಹನಿ ನೀರಾವರಿ ಪೈಪಿನ ಕಂಪನಿ ಪ್ರತಿ ವರ್ಷ ತನ್ನ ದೊಡ್ಡ ಡೀಲರುಗಳನ್ನು ಬ್ಯಾಂಕಾಕಿಗೆ ಕಳಿಸಿ ಕೈತೊಳೆದುಕೊಳ್ಳುತ್ತಿತ್ತು. ಈ ಸಲ ಯಾರೋ ಹೊಸ ಸಾಹೇಬರು ಬಂದು, ದ್ರಾಕ್ಷಿ ತೋಟಗಳಿಗೆ ಪೈಪು ಮಾರುವವರು ದ್ರಾಕ್ಷಿಯ ಪರಮಗತಿಯನ್ನೂ ಕಣ್ಣಾರೆ ಕಾಣಬೇಕೆಂದು ತೀರ್ಮಾನಿಸಿದರು. ಹೀಗಾಗಿ ಸಪತ್ನೀಕರಾಗಿ ಎಂಟು ದಿನ ಫ್ರಾನ್ಸ್. ದಿನಕ್ಕೊಂದು ಐತಿಹಾಸಿಕ ಅರಮನೆ, ಅರಮನೆಯಲ್ಲೇ ವಾಸ್ತವ್ಯ, ಸಂಜೆಗೆ ವೈನು. ಅದರ ಬಣ್ಣದ ಪುಸ್ತಕ ಅಂಗಡಿಗೇ ಬಂತು. ರಾಚಪ್ಪನವರು ಮುಂಜಾನೆಯ ಪೇಪರಿನಲ್ಲಿ ಮೊದಲು ನಿಧನವಾರ್ತೆ ಓದುವ ಮನುಷ್ಯ. ಈ ಪುಸ್ತಕದಲ್ಲೂ ಅದನ್ನೇ ಹುಡುಕಿದರು. ಸಿಕ್ಕಿತು ಕೂಡ. ಒಂದು ಅರಮನೆಯಲ್ಲಿ ರಾಜನೊಬ್ಬ ಬಾಗಿಲ ಚೌಕಟ್ಟಿಗೆ ತಲೆ ಬಡಿದುಕೊಂಡು ಸತ್ತಿದ್ದ. ಇನ್ನೊಂದರಲ್ಲಿ ವಿಧವೆ ರಾಣಿಯೊಬ್ಬಳು ಕೋಣೆಗೆ ಕಪ್ಪು ಬಳಿಸಿ, ಅಳುತ್ತ ಉಳಿದ ಆಯುಷ್ಯ ಕಳೆದಿದ್ದಳು.

ಪುಸ್ತಕ ಹಿಡಿದು ಮನೆಗೆ ಬಂದಾಗ ಹೆಂಡತಿ ರತ್ನಾಬಾಯಿ ಶೇಂಗಾ ಹುರಿಯುತ್ತಿದ್ದರು.

"ರಾಜ ಬಾಗಲಕ್ಕ ತಲಿ ಬಡಕೊಂಡು ಸತ್ತಾನಂತ. ಅಂಥಲ್ಲಿ ನಮ್ಮದೇನದ?" ಎಂದರು ರಾಚಪ್ಪ.

"ನೀವು ಗಿಡ್ಡ ಇದ್ದೀರಿ. ನಿಮಗ ಬಡಿಯೂದಿಲ್ಲ."

"ದಿನಾ ಸಂಜಿಗೆ ವೈನ್ ಕುಡಸ್ತಾರ. ಕೊಳ್ಳಾಗ ಲಿಂಗ ಅದ."

"ಬಾಯಾಗ ಹಾಕ್ಕೊಂಡು ಉಗಳಬೇಕಂತ. ಪೂನಮ ಓದಿ ಹೇಳ್ಯಾಳ. ಉಗಳಾಕ ಬ್ಯಾರೆ ಬೋಗಾಣಿ ಇಡ್ತಾರಂತ. ಸೊಲ್ಲಾಪುರದವರಿಗೆ ಅದೇನು ಕಲಿಸಬೇಕೇನು?" (ಪೂನಮ ಅವರ ಮಗಳು, ಮದುವೆಯಾಗಿ ಲಾತೂರಿನಲ್ಲಿದ್ದಾಳೆ. ತಾಯಿಯ ಪಕ್ಷ.)

"ಅಲ್ಲಿ ಇದ್ದೋರೆಲ್ಲ ಸತ್ತು ಹೋಗ್ಯಾರ. ಬರೇ ಗ್ವಾಡಿ ಉಳದಾವ."

ರತ್ನಾಬಾಯಿ ಒಲೆ ಆರಿಸಿದರು. ಶೇಂಗಾ ಅರ್ಧ ಹುರಿದಿತ್ತು; ಆ ಮನೆಯಲ್ಲಿ ಅದು ಗಂಭೀರ ಸಂಗತಿ.

"ಮೂವತ್ನಾಕು ವರ್ಷದಾಗ ನೀವು ನನ್ನ ಎಲ್ಲೆಲ್ಲಿ ಕರಕೊಂಡು ಹೋಗೀರಿ, ಅಲ್ಲೆಲ್ಲ ಯಾರರೆ ಸತ್ತಿದ್ರು. ಕಲಬುರ್ಗಿಗೆ ನಿಮ್ಮ ಸೋದರಮಾವ. ಆಳಂದಕ್ಕ ಚಿಗವ್ವ. ಇಂಡಿಗೆ ಎರಡ ಸಲ. ನಾ ಒಂದರೆ ಊರು ಕಣ್ಣೊರಸಿಕೊಳ್ಳದ ನೋಡಿಲ್ಲ. ಇದೊಂದು ಕೇಳ್ತೀನಿ. ಇದಾಗಲಿಲ್ಲಂದ್ರ ಮುಂದ ನಾ ನಿಮಗ ಏನೂ ಕೇಳಂಗಿಲ್ಲ."

ಜಗಳವಾಡಿ ಹೇಳಿದ್ದರೆ ರಾಚಪ್ಪನವರು ನೆಮ್ಮದಿಯಿಂದ ಊಟಕ್ಕೆ ಕೂಡುತ್ತಿದ್ದರು. ಆಕೆ ಮೆಲ್ಲಗೆ ಹೇಳಿದರು, ಅದೇ ಕೆಟ್ಟದ್ದು. ಮಾತೆಲ್ಲ ನಿಜವಾಗಿತ್ತು. ಸಾವಿನ ಮನೆಯಲ್ಲಿ ಹೇಗೆ ಕೂಡಬೇಕು, ಎಷ್ಟು ಹೊತ್ತಿಗೆ ಏಳಬೇಕು, ಎಲ್ಲ ರಾಚಪ್ಪನವರಿಗೆ ಗೊತ್ತು. ನಗುವ ಜನರ ನಡುವೆ ಹೆಂಡತಿಯ ಪಕ್ಕದಲ್ಲಿ ಎಂಟು ದಿನ ಏನು ಮಾಡುತ್ತ ನಿಲ್ಲಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಆ ಮನುಷ್ಯನಿಗೆ ಭಯವಾಗಿತ್ತು, ಅಷ್ಟೇ. ಭಯವಾಗಿದೆ ಎಂದು ಹೆಂಡತಿಗೆ ಹೇಳುವ ರೂಢಿ ಆ ಮನೆತನದಲ್ಲಿಲ್ಲ. ಸುಮ್ಮನೆ ಒಪ್ಪಿಕೊಂಡರು, ಒಳಗೊಳಗೇ ಉಪಾಯ ಹುಡುಕತೊಡಗಿದರು.

ಉಪಾಯವನ್ನು ಪಂಚಾಂಗವೇ ಒದಗಿಸಿತು. ಮುಂಬೈ ಗಾಡಿ ಹತ್ತಬೇಕಾದ ಶುಕ್ರವಾರ ಅಮಾವಾಸ್ಯೆ. ಮನೆಗೆ ಬರುವ ಬಸಯ್ಯಸ್ವಾಮಿಗಳು ಬೆರಳು ಎಣಿಸಿ ನೋಡಿ, ಪ್ರಸ್ಥಾನ ಇಟ್ಟರೆ ದೋಷವಿಲ್ಲ ಎಂದರು. ಹೊರಡುವ ದಿನ ಕೆಟ್ಟದಾಗಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ, ನಮ್ಮ ಬದಲಿಗೆ ನಮ್ಮದೊಂದು ಗಂಟನ್ನು ಹೊರಡಿಸಿ, ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿಡುವುದು. ಆಮೇಲೆ ದಾರಿಯಲ್ಲಿ ಅದನ್ನೆತ್ತಿಕೊಂಡು ಮುಂದೆ ಸಾಗುವುದು. ಇದು ಪ್ರಸ್ಥಾನ. (ಮಹಾಪ್ರಸ್ಥಾನ ಬೇರೆ, ಅದಕ್ಕೆ ಗಂಟು ಬೇಕಾಗಿಲ್ಲ.)

"ಗಂಟಿನಾಗ ಅಕ್ಕಿ, ಅಡಕಿ, ಅರಿಷಿಣ ಬೇರು," ಎಂದರು ಸ್ವಾಮಿಗಳು. "ಮತ್ತ ಪ್ರವಾಸಕ್ಕ ಬೇಕೇ ಬೇಕು ಅಂಥಾದ್ದೊಂದು ಸಾಮಾನ."

ರಾಚಪ್ಪನವರ ಮುಖದ ಮೇಲೆ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ಬೆಳಕು ಕಂಡಿತು. "ಪಾಸ್‌ಪೋರ್ಟ್ ಇಡೂಣು. ಇಬ್ಬರದೂ. ಅಕ್ಕಲಕೋಟದಾಗ ಕಸ್ತೂರಬಾಯಿ ಅಕ್ಕನ ಮನ್ಯಾಗ."

"ಮುಂಬೈ ಪಶ್ಚಿಮಕ್ಕ ಅದ," ಎಂದರು ಸ್ವಾಮಿಗಳು. "ಅಕ್ಕಲಕೋಟ ಪೂರ್ವಕ್ಕ ಆಗ್ತದಲ್ರಿ."

"ಭೂಮಿ ದುಂಡಗದ ಸ್ವಾಮೇರ. ಹೆಂಗ ಹ್ವಾದ್ರೂ ಫ್ರಾನ್ಸ್ ಬರ್ತದ."

ಈ ಭೂಗೋಳ ಕೇಳಿ ಸ್ವಾಮಿಗಳು ಪಂಚಾಂಗ ಮಡಚಿಟ್ಟರು. ಉಪಾಯ ಹೀಗಿತ್ತು: ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಗಾಡಿ. ಒಂದೂವರೆಗೆ ಸ್ಟೇಶನ್ನಿನಲ್ಲಿ ನಿಂತು ರಾಚಪ್ಪನವರು ಹಣೆ ಬಡಿದುಕೊಂಡು, ಗಂಟು ಅಕ್ಕಲಕೋಟದಲ್ಲೇ ಉಳಿಯಿತಲ್ಲ ಎನ್ನಬೇಕು. ಅಪವಾದವೆಲ್ಲ ಅಮಾವಾಸ್ಯೆಯ ಮೇಲೆ ಹೋಗಬೇಕು. ಬುಧವಾರ ರತ್ನಾಬಾಯಿ ಎರಡೂ ಪಾಸ್‌ಪೋರ್ಟು ತಂದು, ತಾವೇ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ನಾಲ್ಕು ಹೊಲಿಗೆ ಹಾಕಿ ಕೊಟ್ಟರು. ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿಯಾದರೂ ರಾಚಪ್ಪನವರು ಎಚ್ಚರಗೊಳ್ಳಬೇಕಿತ್ತು. ಅವರು ಗಂಟನ್ನು ಅವತ್ತೇ ಅಕ್ಕನ ಮನೆಗೆ ಮುಟ್ಟಿಸಿ ಬಂದರು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅವರು ಮಾಳಿಗೆ ಹತ್ತಿದರು. ಅಲ್ಲಿ ರತ್ನಾಬಾಯಿ ಇಳಕಲ್ ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಬೂಟು ಹಾಕಿಕೊಂಡು, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಅರಮನೆಗಳಲ್ಲಿ ಬಹಳ ನಡೆಯಬೇಕೆಂದು ಒಂದು ತಿಂಗಳಿಂದ ಹೀಗೆ ಅಭ್ಯಾಸ ಮಾಡುತ್ತಿದ್ದಾರೆಂದು ಗಂಡನಿಗೆ ಇವತ್ತು ತಿಳಿಯಿತು. ಕೈಯಲ್ಲೊಂದು ಚೀಟಿ. ಏಳನೇ ಇಯತ್ತೆ ಓದಿದ ಕೈಬರಹದಲ್ಲಿ ಎಂಟು ಅರಮನೆಗಳ ಹೆಸರು. ಆಕೆ ಒಂದೊಂದನ್ನೇ ಬಾಯಿಪಾಠ ಮಾಡುತ್ತಿದ್ದರು, ತಪ್ಪಿದರೆ ಮೊದಲಿನಿಂದ ಹೇಳುತ್ತಿದ್ದರು.

ರಾಚಪ್ಪನವರಿಗೆ ತಮ್ಮ ಬಗ್ಗೆ ಅಸಹ್ಯ ಹುಟ್ಟಿತು. ಆ ಕ್ಷಣದಲ್ಲಿ "ತಪ್ಪಾಯ್ತು, ಗಂಟು ಮುದ್ದಾಮ ಅಲ್ಲಿಟ್ಟೀನಿ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗಂಟು ತಂದುಬಿಡೋಣವೆಂದುಕೊಂಡರು, ಆದರೆ ಅಂದದ್ದು ಬೇರೆ.

"ಅಕ್ಕಗ ಭೆಟ್ಟಿ ಆಗಿ ಬರ್ತೀನಿ. ನೀ ಸಾಮಾನ ತಗೊಂಡು ಸೀದಾ ಸ್ಟೇಶನ್‌ಕ್ಕ ಬಾ."

ರತ್ನಾಬಾಯಿ ನಡೆಯುವುದನ್ನು ನಿಲ್ಲಿಸಿ ಚೀಟಿ ಮಡಚಿದರು. "ಹೋಗಿ ಬರ್ರಿ," ಎಂದರು. "ಎರಡಕ್ಕ ಗಾಡಿ."

ಹತ್ತೂವರೆಗೆ ಅಕ್ಕಲಕೋಟ ತಲುಪಿದರು. ಕಸ್ತೂರಬಾಯಿ ಹಳೆಯ ಅರಮನೆಯ ಹತ್ತಿರದ ಓಣಿಯಲ್ಲಿ ಒಬ್ಬರೇ ಇರುತ್ತಾರೆ. ವಯಸ್ಸು ಎಪ್ಪತ್ತೆರಡು, ನಿಯಮಗಳ ಸಂಖ್ಯೆ ಅದಕ್ಕಿಂತ ಹೆಚ್ಚು.

"ಈಗ ರಾಹುಕಾಲ ಹತ್ತೇದ. ಹನ್ನೆರಡರತನಕ ಗಂಟಿಗೆ ಕೈ ಹಚ್ಚಂಗಿಲ್ಲ," ಎಂದರು.

"ಅಕ್ಕಾ, ಗಾಡಿ ಹೋಗ್ತದ."

"ಹೋಗಲಿ. ಗಾಡಿ ನಾಳಿಗೂ ಇರ್ತದ. ಉಂಡು ಹೋಗು."

ಉಂಡರು. ಹನ್ನೆರಡು ಹೊಡೆದ ಮೇಲೆ ಗಂಟು ಕೈಗೆ ಬಂತು, ಜೊತೆಗೆ ಒಂದು ನಿಯಮವೂ ಬಂತು. "ಎತ್ತಿದ ಗಂಟು ಮುಂದಕ್ಕ ಹೋಗಬೇಕು. ಪ್ರವಾಸ ಮುಗಿಯೂತನಕ ನೀ ನಿನ್ನ ಮನಿ ಹೊಸ್ತಿಲ ತುಳಿಯಬಾರದು." ಬಸ್‌ಸ್ಟ್ಯಾಂಡಿನಲ್ಲಿ ಅಮಾವಾಸ್ಯೆಗೆ ಆ ಊರಿನ ಸ್ವಾಮಿ ಗುಡಿಯ ದರ್ಶನಕ್ಕೆ ಬಂದ ಜನ ಅರ್ಧ ಮಹಾರಾಷ್ಟ್ರದಷ್ಟಿದ್ದರು. ಎರಡು ಬಸ್ಸು ರಾಚಪ್ಪನವರಿಲ್ಲದೆ ಹೋದವು. ಮೂರನೆಯದರಲ್ಲಿ ಬಾಗಿಲಿಗೂ ಒಬ್ಬ ಹಿರಿಯರ ಬೆನ್ನಿಗೂ ನಡುವೆ ಜಾಗ ಸಿಕ್ಕಿತು. ಜೇಬಿನಲ್ಲಿ ಫೋನು ಆರು ಸಲ ಬಡಿದುಕೊಂಡಿತು. ಕೈ ಅಲ್ಲಿಯತನಕ ಹೋಗಲಿಲ್ಲ.

ಸ್ಟೇಶನ್ ಮುಟ್ಟಿದಾಗ ಎರಡೂ ನಲವತ್ತು. ಪ್ಲಾಟ್‌ಫಾರ್ಮು ಖಾಲಿ. ಬೆಂಚಿನ ಮೇಲೆ ಕೂತು ಫೋನು ಹಚ್ಚಿದರು.

"ಎಲ್ಲಿದ್ದೀ?"

"ಗಾಡ್ಯಾಗ."

"ಪಾಸ್‌ಪೋರ್ಟ್ ಇಲ್ಲದ ಎಲ್ಲಿ ಹೊಂಟಿ? ನನ್ನ ಕಡಿ ಅದಾವ."

"ಗಂಟು ಬಿಚ್ಚಿ ನೋಡ್ರಿ."

ಹೊಲಿಗೆ ಹಲ್ಲಿನಿಂದ ಕಡಿದರು. ಅಕ್ಕಿ, ಅಡಕೆ, ಅರಿಷಿಣದ ಬೇರು, ಮತ್ತು ಅವರದೇ ಅಂಗಡಿಯ ಎರಡು ನೀಲಿ ಗ್ಯಾರಂಟಿ ಪುಸ್ತಕ. ಮೇಲಿನದು ತೆರೆದುಕೊಂಡಿತು: ಮಾಲೀಕರ ಸ್ವಂತ ತಪ್ಪಿನಿಂದಾದ ಹಾನಿಗೆ ಕಂಪನಿ ಜವಾಬ್ದಾರಿಯಲ್ಲ.

"ಪಾಸ್‌ಪೋರ್ಟ್ ಗಂಟಿನಾಗ ಇಡೂಣು ಅಂದಾಗನ ನನಗ ತಿಳದಿತ್ತು," ಎಂದರು ರತ್ನಾಬಾಯಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಎರಡೂ ನನ್ನ ಪರ್ಸಿನಾಗ ಅದಾವ. ಇವತ್ತು ಮುಂಜಾನಿರೆ ಹೇಳ್ತೀರಿ ಅಂತ ಕಾದೆ. ಗಾಡಿ ಅಲುಗೂತನಕ ಬಾಗಲದಾಗ ನಿಂತಿದ್ದೆ. ನೀವು ಅಕ್ಕನ ಮನ್ಯಾಗ ಹೋಗಿ ಅಡಗಿ ಕೂತ್ರಿ."

"ಇಲ್ಲ, ನಾ ತರಾಕಂತ ಹೋಗಿದ್ದೆ. ನಿನ್ನ ಬೂಟು ನೋಡಿ..."

"ಹ್ಞೂಂ," ಎಂದರು ಆಕೆ, ಮೂವತ್ತನಾಲ್ಕು ವರ್ಷ ಇಂಥ ಮಾತು ಕೇಳಿದವರು ಹೇಗೆ ಅನ್ನಬೇಕೋ ಹಾಗೆ. ಫೋನು ನಿಂತಿತು.

ಹೀಗೆ ರಾಚಪ್ಪನವರ ಪಾಸ್‌ಪೋರ್ಟು ಫ್ರಾನ್ಸಿಗೆ ಹೋಯಿತು, ರಾಚಪ್ಪನವರು ಅಕ್ಕಲಕೋಟಕ್ಕೆ ಹೋದರು. ಅಕ್ಕನ ನಿಯಮ ಮುರಿಯೋಣವೆಂದರೆ ಮನೆಯ ಕೀಲಿಯೂ ಅದೇ ಪರ್ಸಿನಲ್ಲಿತ್ತು.

ಅಲ್ಲಿ ಅವರ ಐಷಾರಾಮಿ ಪ್ರವಾಸ ಆರಂಭವಾಯಿತು. ಕಿಟಕಿಯಿಂದ ಅರಮನೆಯ ಗೋಡೆ ಕಾಣುತ್ತಿತ್ತು. ಹೊಟ್ಟೆ ಹಗುರಾಗಲೆಂದು ಅಕ್ಕ ದಿನಾ ಮುಂಜಾನೆ ಒಣದ್ರಾಕ್ಷಿ ನೆನೆಸಿದ ನೀರು ಕುಡಿಸುತ್ತಿದ್ದರು. ಉಗುಳಲು ಅವಕಾಶವಿರಲಿಲ್ಲ. ಉಳಿದ ಹೊತ್ತೆಲ್ಲ ರಾಚಪ್ಪನವರು ಕಟ್ಟೆಯ ಮೇಲೆ ಕೂತು ಫೋನು ನೋಡುತ್ತಿದ್ದರು. ರತ್ನಾಬಾಯಿ ಮಾತಾಡುತ್ತಿರಲಿಲ್ಲ; ಪೂನಮಳಿಗೆ ಫೋಟೊ ಕಳಿಸುತ್ತಿದ್ದರು, ಅವಳು ತಂದೆಗೆ ದಾಟಿಸುತ್ತಿದ್ದಳು. ಬೆಳ್ಳನೆಯ ಅರಮನೆ, ಮುಂದೆ ಇಳಕಲ್ ಸೀರೆ, ಬಿಳಿ ಬೂಟು. ಪ್ರತಿ ಫೋಟೊದಲ್ಲೂ ಕೈಯಲ್ಲೊಂದು ನೀಲಿ ವಸ್ತು. ಮೂರನೆಯ ದಿನ ಅದನ್ನು ದೊಡ್ಡದು ಮಾಡಿ ನೋಡಿದರು. ತಮ್ಮದೇ ಪಾಸ್‌ಪೋರ್ಟು, ತಮ್ಮ ಭಾವಚಿತ್ರದ ಪುಟ ಬಿಚ್ಚಿ, ಅರಮನೆಯ ಕಡೆ ಮುಖ ಮಾಡಿ ಹಿಡಿದಿದ್ದರು. ರಾಚಪ್ಪನವರು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು. ತನಗೂ ತೋರಿಸುತ್ತಿದ್ದಾಳೆ, ತಾನು ಹೋಗಬೇಕಿತ್ತು ಎಂದು ಅಕ್ಕನೆದುರಿಗೇ ಹೇಳಿದರು. ಅಕ್ಕ ಇನ್ನೊಂದು ಲೋಟ ದ್ರಾಕ್ಷಿ ನೀರು ಕೊಟ್ಟರು.

ಫ್ರಾನ್ಸ್ ಪ್ರವಾಸದ ಐದನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಡೀಲರುಗಳ ವಾಟ್ಸಾಪ್ ಗುಂಪು ತೆರೆದರು. ಅಭ್ಯಾಸದಂತೆ ಕಣ್ಣು ಮೊದಲು ಹೂಮಾಲೆಯ ಚಿತ್ರ ಹುಡುಕಿತು. ಇತ್ತು. ಭಾವಪೂರ್ಣ ಶ್ರದ್ಧಾಂಜಲಿ. ಎರಡೂ ಬದಿಗೆ ದೀಪ, ನಡುವೆ ರಾಚಪ್ಪನವರು. ಪಾಸ್‌ಪೋರ್ಟಿನ ಭಾವಚಿತ್ರ ಅಂಥ ಕೆಲಸಕ್ಕೆಂದೇ ತೆಗೆಸಿದಂತಿತ್ತು. ಕೆಳಗೆ ನೂರಾರು ಮುಗಿದ ಹಸ್ತಗಳು. ಮನಮಿಳಾವು ವ್ಯಕ್ತಿಮತ್ವ, ಅಂದರೆ ಎಲ್ಲರೊಡನೆ ಬೆರೆಯುವ ಮನುಷ್ಯ, ಎಂದು ಲಾತೂರಿನವರೊಬ್ಬರು ಮರಾಠಿಯಲ್ಲಿ ಬರೆದಿದ್ದರು. ಅಂಗಡಿಯ ಎದುರಿನ ಶಿವಶರಣಪ್ಪ ಮಾತ್ರ ಒಂದೇ ಒಂದು ಹಸ್ತ ಹಾಕಿ ಮುಗಿಸಿದ್ದ. ಆ ಸ್ಥಿತಿಯಲ್ಲೂ ರಾಚಪ್ಪನವರಿಗೆ ಅದರಿಂದ ನೋವಾಯಿತು.

ಅಷ್ಟರಲ್ಲಿ ಓಣಿಯಲ್ಲಿ ಜೀಪು ನಿಂತಿತು. ಹತ್ತಿರದ ಕುರನೂರಿನ ನಾಲ್ವರು ಗಿರಾಕಿಗಳು ಬಿಳಿ ಟೊಪ್ಪಿಗೆ ಹಾಕಿಕೊಂಡು, ತಲೆ ತಗ್ಗಿಸಿ, ಸತ್ತವರ ಅಕ್ಕನನ್ನು ಮಾತಾಡಿಸಲು ಬಂದಿದ್ದರು. ಕಟ್ಟೆಯ ಮೇಲೆ ಚುರುಮುರಿ ತಿನ್ನುತ್ತಿದ್ದ ಮೃತರನ್ನು ನೋಡಿ ಟೊಪ್ಪಿಗೆ ಸರಿಮಾಡಿಕೊಂಡರು.

"ಬಂದೀವಿ," ಎಂದರು ಅವರಲ್ಲಿ ಹಿರಿಯರು. "ಕೂತು ಹೋಗ್ತೀವಿ." ಒಳಗೆ ಹೋಗಿ ಕಸ್ತೂರಬಾಯಿ ಹಾಸಿದ ಜಮಖಾನೆಯ ಮೇಲೆ ಸಾಲಾಗಿ ಕೂತರು. ಅರ್ಧ ತಾಸು ಕೂಡದೆ ಏಳುವುದು ರಿವಾಜಲ್ಲ.

ರಾಚಪ್ಪನವರು ಫೋನು ಹಚ್ಚಿದರು. ಈ ಸಲ ರತ್ನಾಬಾಯಿ ಎತ್ತಿದರು.

"ನಾ ಸತ್ತೀನಿ ಅಂತ ಹೇಳೀಯೇನು?"

"ನಾ ಹೇಳಿಲ್ಲ. ಮುಂಬೈನಾಗ ಕಂಪನಿ ಸಾಹೇಬ್ರು ಶೇಟಜಿ ಎಲ್ಲಿ ಅಂದ್ರು. ನನಗ ಅಳು ಬಂತು, ನಿಲ್ಲಲಿಲ್ಲ. ಅವ್ರು ಮುಂದ ಕೇಳಲಿಲ್ಲ. ಇಲ್ಲಿ ಬಂದು ಒಂದೊಂದು ಅರಮನಿಗೂ ನಿಮ್ಮ ಫೋಟೊ ತೋರಸ್ತಿದ್ದೆ. ಅದನ್ನ ನೋಡಿ ಅವರವರ ತಿಳ್ಕೊಂಡ್ರು. ನಿನ್ನಿ ಸಂಜಿಗೆ ಎಲ್ಲಾರೂ ಎದ್ದು ನಿಂತು ನಿಮ್ಮ ಹೆಸರಲೆ ವೈನ್ ಕುಡದ್ರು."

"ನನ್ನ ಗಂಡ ಬದುಕ್ಯಾನ ಅಂತ ಹೇಳಾಕ ಬರ್ತಿರಲಿಲ್ಲೇನು?"

"ಬದುಕಿದ್ದೂ ನನ್ನ ಬಿಟ್ಟು ಅಡಗಿ ಕೂತಾನ ಅಂತ ಹೇಳಬೇಕಿತ್ತು. ಯಾವುದು ಹೆಚ್ಚಿನ ನಾಚಿಕಿ, ನೀವ ಹೇಳ್ರಿ."

ಆ ಕಡೆ ಯಾರೋ ನಗುವುದು, ಬಸ್ಸಿನ ಬಾಗಿಲು ತೆರೆಯುವುದು ಕೇಳಿಸಿತು.

"ಆಮ್ಯಾಲ ಹೇಳೂಣಂತ ಬಾಯಿ ತೆಗದಿದ್ದೆ," ಎಂದರು ರತ್ನಾಬಾಯಿ ಮೆಲ್ಲಗೆ. "ಆದ್ರ ನಮ್ಮ ಮನಿ ರಿವಾಜ ನೆನಪಾತು. ಯಾರರೆ ಸತ್ರ ಅಷ್ಟ ನನಗ ಊರು ನೋಡಾಕ ಸಿಗೂದು. ಈ ಸಲ ನಿಮ್ಮ ಪಾಳಿ. ಇನ್ನ ನಾಕು ಅರಮನಿ ಉಳದಾವ. ಅಲ್ಲೀತನಕ ಯಾರಿಗೂ ಏನೂ ಹೇಳಬ್ಯಾಡ್ರಿ."

ಫೋನು ನಿಂತಿತು. ಓಣಿಯಲ್ಲಿ ಇನ್ನೊಂದು ಜೀಪಿನ ಸದ್ದಾಯಿತು, ಬೋರಾಮಣಿಯ ಗಿರಾಕಿಗಳಿರಬೇಕು. ರಾಚಪ್ಪನವರು ಚುರುಮುರಿಯ ತಟ್ಟೆ ಬದಿಗಿಟ್ಟು ಒಳಗೆ ಹೋದರು, ಕುರನೂರಿನವರ ಸಾಲಿನ ಕೊನೆಯಲ್ಲಿ ಜಾಗ ಮಾಡಿಕೊಂಡು ತಲೆ ತಗ್ಗಿಸಿ ಕುಳಿತರು.