ಕದ್ದು ಹೋಗೋ ಆಟವೂ ನಮ್ಮ ಯಜಮಾನರ ಹೆಬ್ಬೆರಳೂ

ಪಾಂಡವಪುರದ ನಮ್ಮ ಬೀದಿಯಲ್ಲಿ ಕದ್ದು ಮುಚ್ಚಿ ಏನಾದರೊಂದು ನಡೆಯದ ದಿನವೇ ಇಲ್ಲ. ಡೈರಿ ಕಾರ್ಯದರ್ಶಿ ಭಾನುವಾರ ಬಾಗಿಲು ಹಾಕಿಕೊಂಡು ತಲೆಗೆ ಬಣ್ಣ ಬಳಿದುಕೊಳ್ತಾನೆ. ಮೂಲೆ ಮನೆ ಅತ್ತೆ ನಾಟಿ ಕೋಳಿ ಸಾರನ್ನು ಒಲೆ ಹಿಂದೆ ಬಚ್ಚಿಟ್ಟು ಸೊಸೆಗೆ ಹುರುಳಿ ಸಾರು ಬಡಿಸ್ತಾಳೆ. ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನು ಸ್ಕೂಲಲ್ಲಿ ಕೂತಿದ್ದು ಎರಡು ವರ್ಷ, ಜಗಲಿ ಮೇಲೆ ಕೂತಿದ್ದು ನಲವತ್ತು ವರ್ಷ. ಅಂಥ ನನ್ನ ಕಣ್ಣಿಗೇ ಮಣ್ಣೆರಚಿದ್ದು ಇಬ್ಬರೇ. ಒಬ್ಬರು ನಮ್ಮ ಯಜಮಾನರು. ಇನ್ನೊಂದು ಎದುರು ಅಂಗಡಿ ವಿಡಿಯೋ ಗೇಮು.

೧. ಡಾಕ್ಟರ ಮಾತು

ತೊಂಬತ್ತರ ದಶಕ ಮುಗೀತಾ ಬಂದಿತ್ತು. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬು ತೂಗಿ ರಿಟೈರಾದರು. ಅಲ್ಲಿಂದ ಮನೆಗೆ ತಂದಿದ್ದು ಎರಡೇ, ಒಂದು ಗೋಡೆ ಗಡಿಯಾರ, ಇನ್ನೊಂದು ಸಕ್ಕರೆ ಕಾಯಿಲೆ. ಎಡಗಾಲ ಹೆಬ್ಬೆರಳಿಗೆ ಒಂದು ಕಲ್ಲು ತಾಗಿ ಆದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ.

ಮಂಡ್ಯದ ಡಾಕ್ಟರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಯಜಮಾನ್ರೇ, ಸಿಹಿ ಬಿಟ್ಟರೆ ಬೆರಳು ಉಳಿಯುತ್ತೆ. ಬಿಡದಿದ್ದರೆ ಮೂರು ತಿಂಗಳಲ್ಲಿ ಬನ್ನಿ, ತೆಗೆದುಹಾಕ್ತೀನಿ" ಅಂದರು.

ನಮ್ಮ ಯಜಮಾನರು ಬಹಳ ಯೋಚನೆ ಮಾಡಿ ಕೇಳಿದರು: "ಬೆಲ್ಲನೂ ಸಿಹೀನೇ ಏನ್ ಸ್ವಾಮಿ?"

೨. ಒಂದನೇ ಭಾಗ

ಹೊಸಹೊಳಲಿನ ಒಬ್ಬ ಹುಡುಗ, ಹುಡುಗ ಅಂದರೆ ಮದುವೆ ವಯಸ್ಸು ಮೀರಿದವನು, ನಮ್ಮೆದುರು ಮಳಿಗೆಯಲ್ಲಿ ಟಿವಿ ಇಟ್ಟು ಗೇಮಿನ ಅಂಗಡಿ ತೆಗೆದ. ಅವನ ಹತ್ತಿರ ಇದ್ದ ಒಳ್ಳೆ ಆಟ ಅಂದರೆ ಕದ್ದು ಹೋಗೋ ಆಟ. ಒಬ್ಬ ಸಿಪಾಯಿ ಶ್ರೀರಂಗಪಟ್ಟಣದ ಕೋಟೆಯಂಥ ಒಂದು ಕೋಟೆಯೊಳಗೆ ಕಾವಲುಗಾರರ ಕಣ್ಣಿಗೆ ಬೀಳದೆ ನುಗ್ಗಬೇಕು. ಹೊಡೆದರೆ ಬಡಿದರೆ ಪ್ರಯೋಜನ ಇಲ್ಲ, ಬಚ್ಚಿಟ್ಟುಕೊಂಡರೇ ಗೆಲುವು. ಹತ್ತಾರು ವರ್ಷದಿಂದ ಭಾಗದ ಮೇಲೆ ಭಾಗ ಬರ್ತಾನೇ ಇದೆಯಂತೆ.

ನಮ್ಮ ಯಜಮಾನರು ದಿನಾ ನಾಲ್ಕು ಗಂಟೆಗೆ ಅಲ್ಲಿಗೆ ಹೋಗಿ ಕೂರೋಕೆ ಶುರು ಮಾಡಿದರು. ನನಗೆ ಸಮಾಧಾನ. ಟಿವಿ ಒಳಗೆ ಬೆಲ್ಲ ಸಿಕ್ಕಲ್ವಲ್ಲ. ಒಂದು ದಿನ ನಾನೂ ಬಾಗಿಲಲ್ಲಿ ನಿಂತು ನೋಡಿದೆ. ತೆಂಗಿನ ಮರ ಹತ್ತಿ ಕೆಳಗೆ ನೋಡಿದ ಹಾಗೆ ಕೋಟೆ ಕಾಣ್ತಿತ್ತು. ಕಾವಲುಗಾರ ಮೂಗಿನ ನೇರಕ್ಕೆ ನೋಡೋದು ಬಿಟ್ಟರೆ ಪಕ್ಕಕ್ಕೆ ಕತ್ತೇ ತಿರುಗಿಸೋದಿಲ್ಲ. ಸಿಪಾಯಿ ಪಕ್ಕದಲ್ಲೇ ದಾಟಿಹೋದ!

"ಥೂ, ಇಂಥವುನ್ನ ಕಲ್ಲಂಗಡಿ ಹೊಲ ಕಾಯಕ್ಕೂ ಇಟ್ಕಬ್ಯಾಡಿ" ಅಂದೆ.

ಅಂಗಡಿಯವನು ನಕ್ಕು, "ಒಂದ್ನೇ ಭಾಗ್ದಲ್ಲಿ ಅಂಗೇ ದೊಡ್ಡವ್ವ, ಕಣ್ಣು ಮುಂದಕ್ಕೆ ಮಾತ್ರ" ಅಂದ.

ಹದಿನೈದು ದಿನ ಆಯಿತು. ನಾನು ಜಗಲಿ ಮೇಲೆ ಕೂತು ಆ ಅಂಗಡಿ ಬಾಗಿಲನ್ನೇ ನೋಡ್ತಿದ್ದೆ. ನಾಲ್ಕಕ್ಕೆ ಒಳಗೆ ಹೋದವರು ಐದೂವರೆಗೆ ಅದೇ ಬಾಗಿಲಲ್ಲಿ ಈಚೆ ಬರ್ತಿದ್ದರು. ಒಂದು ಸಾಯಂಕಾಲ ಅವರು ಹೆಗಲಿನ ಟವೆಲ್ಲು ತೆಗೆದು ಗೂಟಕ್ಕೆ ಹಾಕಿದರು. ಐದು ನಿಮಿಷಕ್ಕೆ ಗೋಡೆ ಮೇಲೆ ಕೆಂಪಿರುವೆ ಸಾಲು. ಟವೆಲ್ಲಿನ ತುದಿ ಮೂಸಿದೆ. ಬಿಸಿ ಬೆಲ್ಲದ ವಾಸನೆ!

ಎದುರು ಅಂಗಡಿಗೆ ಹಿಂದೆಯೂ ಒಂದು ಬಾಗಿಲಿದೆ. ಅದರಾಚೆ ಗದ್ದೆ ಬದು. ಬದುವಿನ ತುದಿಗೆ ಆಲೆಮನೆ. ಕಬ್ಬಿನ ಹಾಲು ಕಾಯೋ ಜಾಗಕ್ಕೆ ಬಂದವರನ್ನು ಬಾಯಿ ಸಿಹಿ ಮಾಡದೆ ಕಳಿಸೋದು ನಮ್ಮ ಸೀಮೆಯಲ್ಲೇ ಇಲ್ಲ. ಇವರು ಮುಂದಿನ ಬಾಗಿಲಲ್ಲಿ ಹೊಕ್ಕು ಹಿಂದಿನ ಬಾಗಿಲಲ್ಲಿ ಬೆಲ್ಲಕ್ಕೆ ಹೋಗ್ತಿದ್ದರು. ಕಲ್ಲಂಗಡಿ ಹೊಲಕ್ಕೂ ಬೇಡದ ಕಾವಲು ಯಾರದು ಅಂತ ಆಗ ಗೊತ್ತಾಯಿತು.

೩. ಎರಡನೇ ಭಾಗ

ಅಷ್ಟರಲ್ಲಿ ಅಂಗಡಿಯವನು ಎರಡನೇ ಭಾಗ ತರಿಸಿದ. ಇದರಲ್ಲಿ ಕಾವಲುಗಾರನಿಗೆ ಕಿವಿ ಬಂದಿತ್ತು. ಹುಲ್ಲಿನ ಮೇಲೆ ನಡೆದರೆ ಸದ್ದಿಲ್ಲ, ಹಲಗೆ ಮೇಲೆ ನಡೆದರೆ ಟಪಟಪ ಅಂತ ಕೇಳಿ ಓಡಿ ಬರ್ತಾನೆ. ನನಗೆ ಬುದ್ಧಿ ಹೊಳೀತು. ಒಂದು ಹೊರೆ ಒಣಗಿದ ಕಬ್ಬಿನ ತರಗು ತಂದು ಅಂಗಡಿ ಹಿಂದಿನ ದಾರಿ ತುಂಬಾ ಹರಡಿದೆ. ಗೋಡೆ ಮರೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸ್ತಾ ಕೂತೆ. ಬೆಕ್ಕು ನಡೆದರೂ ಸರಸರ ಅನ್ನಬೇಕು.

ಎರಡು ದಿನ ಯಜಮಾನರು ಬರಲಿಲ್ಲ. ಮೂರನೇ ದಿನ ಅಂಗಡಿ ಹಿಂಬಾಗಿಲಿಂದ ತಲೆ ಈಚೆ ಹಾಕಿ, "ಏನಮ್ಮಿ, ಇಲ್ ಕುಂತಿದ್ದೀಯ? ಮೂಲೆ ಮನೆ ಸೊಸೆ ಬಟ್ಟೆ ಗಂಟು ಕಟ್ಕಂಡು ಬಸ್ ಸ್ಟ್ಯಾಂಡ್ ಕಡೆ ಓದ್ಲಲ್ಲ, ಕಣ್ಣಲ್ಲಿ ನೀರು" ಅಂದರು.

ನನ್ನ ಕೈಲಿದ್ದ ಮೊರ ಎಲ್ಲಿ ಬಿತ್ತೋ ನನಗೆ ನೆನಪಿಲ್ಲ.

ಬಸ್ ಸ್ಟ್ಯಾಂಡಿಗೆ ಏದುಸಿರು ಬಿಡ್ತಾ ಹೋದೆ. ಆ ಸೊಸೆ ಇದ್ದಳು, ಗಂಟೂ ಇತ್ತು. ಆದರೆ ಅವಳು ತಾಯಿಯನ್ನು ನಾಗಮಂಗಲದ ಬಸ್ಸು ಹತ್ತಿಸೋಕೆ ಬಂದಿದ್ದು. ನಗುನಗ್ತಾ, "ಎಲ್ಗ್ ಒಂಟ್ರಿ ದೊಡ್ಡವ್ವ?" ಅಂತ ಕೇಳಿದಳು. ನಿನ್ನ ಮನೆ ಜಗಳ ನೋಡೋಕೆ ಅಂತ ಹೇಳೋಕಾಗುತ್ತಾ? "ನಾಗಮಂಗಲಕ್ಕೆ ಕಣವ್ವ" ಅಂದುಬಿಟ್ಟೆ. "ಒಳ್ಳೇದಾಯ್ತು, ನಮ್ಮವ್ವುಂಗೂ ಜೊತೆ ಆಯ್ತು" ಅಂತ ನನ್ನ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿ, ಗಂಟನ್ನೂ ನನ್ನ ತೊಡೆ ಮೇಲೇ ಇಟ್ಟಳು.

ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುವಾಗ ಆಲೆಮನೆ ಒಲೆ ಆರಿತ್ತು, ಯಜಮಾನರು ಜಗಲಿ ಮೇಲೆ ಮೀಸೆ ಒರೆಸಿಕೊಳ್ತಾ ಕೂತಿದ್ದರು. ಅಂಗಡಿಯವನು ಆಮೇಲೆ ಹೇಳಿದ: "ಎರಡ್ನೇ ಭಾಗ್ದಲ್ಲಿ ಅದೇ ದೊಡ್ಡವ್ವ. ಸಿಪಾಯಿ ಒಂದ್ ಕಡೆ ಕಲ್ ಎಸೀತಾನೆ, ಕಾವಲುಗಾರ ಅತ್ಲಾಗ್ ಓಡ್ತಾನೆ, ಇವ್ನು ಇತ್ಲಾಗ್ ದಾಟ್ತಾನೆ." ಬೇರೆಯವರಿಗೆ ಕಲ್ಲು ಎಸೀಬೇಕು. ನನಗೆ ಮೂಲೆ ಮನೆ ಸುದ್ದಿ ಎಸೆದರೆ ಸಾಕು ಅಂತ ನಮ್ಮ ಯಜಮಾನರಿಗೆ ಗೊತ್ತಿತ್ತು.

೪. ಮೂರನೇ ಭಾಗ

ಮೂರನೇ ಭಾಗ ಕ್ಯಾಸೆಟ್ಟಲ್ಲಿ ಬರಲಿಲ್ಲ, ಮಿರಮಿರ ಮಿಂಚೋ ಸಿ.ಡಿ.ಯಲ್ಲಿ ಬಂತು. ಮೇಲಿಂದ ನೋಡೋದು ಹೋಗಿ ಸಿಪಾಯಿ ಬೆನ್ನ ಹಿಂದೆಯೇ ನಾವೂ ನಡೆದ ಹಾಗಿತ್ತು. ಯಾವ ಭಾಗ ಚೆನ್ನ ಅಂತ ಅಂಗಡಿಯಲ್ಲಿ ದಿನಾ ವಾದ. ಕೆ.ಆರ್.ಪೇಟೆಯಿಂದ ಬರ್ತಿದ್ದ ಗುಮಾಸ್ತನೊಬ್ಬ, ಮನೇಲಿ ಕಚೇರಿ ಕೆಲಸ ಜಾಸ್ತಿ ಅಂತ ಹೇಳಿ ಇಲ್ಲಿ ಬಂದು ಕೂರೋ ಆಸಾಮಿ, "ಒಂದ್ನೇದೇ ಚೆಂದ, ಎಲ್ಲಾ ಕಾಣ್ತದೆ" ಅನ್ನೋನು. ಯಜಮಾನರು, "ಬುಡ್ಲಾ, ಎರಡ್ನೇದ್ರಲ್ಲಿ ಇರೋ ಬುದ್ಧಿ ಯಾವುದ್ರಲ್ಲೂ ಇಲ್ಲ" ಅಂತ ಎದುರು ಜಗಲಿ ಮೇಲಿದ್ದ ನನ್ನ ಕಡೆ ಓರೆಗಣ್ಣಲ್ಲಿ ನೋಡೋರು. ಅಂಗಡಿಯವನ ತೀರ್ಪು ಬೇರೆ: "ಒಂದ್ನೇದ್ರಲ್ಲಿ ಕಾವಲುಗಾರಂಗೆ ಕಣ್ಣು, ಎರಡ್ನೇದ್ರಲ್ಲಿ ಕಿವಿ, ಮೂರ್ನೇದ್ರಲ್ಲಿ ತಲೆ. ಎಜ್ಜೆ ಗುರ್ತು ನೋಡ್ಕಂಡು ಇಂದೆ ಬತ್ತಾನೆ."

ಕಾಯೋರ ಕಡೆಯಿಂದ ನೋಡಿದರೆ ಮೂರನೇದೇ ಸರಿ ಅನ್ನಿಸಿತು ನನಗೆ. ಒಲೆ ಬೂದಿ ತಂದು ತರಗಿನಾಚೆಯ ಬದುವಿನ ಮೇಲೆ ತೆಳ್ಳಗೆ ಉದುರಿಸಿದೆ. ಮಾರನೇ ದಿನ ಸಾಯಂಕಾಲ ನೋಡಿದರೆ ಹೆಜ್ಜೆ ಗುರುತು ನಿಚ್ಚಳವಾಗಿ ಆಲೆಮನೆಗೆ ಹೋಗಿದೆ. ಸಿಕ್ಕಿಬಿದ್ದರು ಅಂತ ಬೀದಿಯ ನಾಲ್ಕು ಜನರನ್ನು ಸಾಕ್ಷಿಗೆ ಕರೆದುಕೊಂಡು ಹೋದೆ. ಡೈರಿ ಕಾರ್ಯದರ್ಶಿ ಬಗ್ಗಿ ನೋಡಿ ಹೇಳಿದ:

"ದೊಡ್ಡವ್ವ, ಇದು ಎಂಗಸ್ರು ಚಪ್ಲಿ. ಇಮ್ಮಡೀಲಿ ಮೊಳೆ ಒಡ್ದವ್ರೆ. ನಿಮ್ದೇ ಅಲ್ವಾ?"

ನಮ್ಮ ಯಜಮಾನರು ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದರು. ಆಲೆಮನೆಗೆ ಕದ್ದು ಹೋಗೋಳು ನಾನೇ ಅಂತ ಬೀದಿಯೆಲ್ಲ ಆಯಿತು.

೫. ನಾನು ಆಡಿದ್ದು

ನಗುವಿನ ಮಾತು ಒಂದು ಕಡೆ, ಬೆರಳು ಒಂದು ಕಡೆ. ಡಾಕ್ಟರು ಕೊಟ್ಟ ಮೂರು ತಿಂಗಳಲ್ಲಿ ಎರಡು ಕಳೆದಿತ್ತು. ನನ್ನ ಬಿಗಿ ಚಪ್ಪಲಿ ಉಜ್ಜಿ ಗಾಯ ಮತ್ತೆ ಕೆಂಪಾಗಿತ್ತು. ಬಿಸಿನೀರಲ್ಲಿ ತೊಳೆದು ಬಟ್ಟೆ ಕಟ್ಟಿದೆ.

ಅಂಗಡಿಯವನಿಗೆ ಹೇಳಿಕೊಂಡೆ. ಅವನು, "ನೀವೇ ಒಂದ್ಸಲ ಆಡಿ ದೊಡ್ಡವ್ವ. ಕದ್ದು ಓಗೋನು ಎಂಗೆ ಯೋಚ್ನೆ ಮಾಡ್ತಾನೆ ಅಂತ ಗೊತ್ತಾಯ್ತದೆ" ಅಂದ.

ಚಪ್ಪಲಿ ಗಲಾಟೆ ಆದಮೇಲೆ ಯಜಮಾನರು ಅಂಗಡಿಗೆ ಬರೋದು ಬಿಟ್ಟು ನಾಲ್ಕಕ್ಕೆ ಜಗಲಿ ಮೇಲೇ ಕೂರ್ತಿದ್ದರು. ಮುಂದಿನ ಬಾಗಿಲಲ್ಲಿ ಹೋದರೆ ಬೀದಿ ನೋಡುತ್ತೆ. ನಾಲ್ಕು ಗಂಟೆಗೆ ಸೆರಗು ತಲೆ ಮೇಲೆ ಎಳೆದುಕೊಂಡು, ಎಮ್ಮೆಗೆ ಹುಲ್ಲು ತರ್ತೀನಿ ಅಂತ ಹೇಳಿ, ಹಿತ್ತಿಲು ಸುತ್ತಿ ಹಿಂದಿನ ಬಾಗಿಲಲ್ಲಿ ಹೊಕ್ಕೆ. ಮೊದಲ ದಿನ ನನ್ನ ಸಿಪಾಯಿ ನೆಟ್ಟಗೆ ಕಾವಲುಗಾರನ ಹತ್ತಿರವೇ ಹೋಗಿ ನಿಂತ. ಅವನ ಮನೆ ಸಮಾಚಾರ ಏನು ಅಂತ ತಿಳಿಯೋ ಆಸೆ ನನಗೆ. ಎರಡನೇ ದಿನ ಗೋಡೆಗೆ ಒರಗೋದು ಕಲಿತೆ. ವಾರದಲ್ಲಿ ಒಂದು ಬಾಗಿಲು ದಾಟಿದೆ. ಅಯ್ಯೋ, ಏನು ಹೇಳಲಿ, ಅದು ಹುಚ್ಚು ಹಿಡಿಸೋ ಆಟ. ಒಂದು ತಿಂಗಳು ದಿನಾ ಹೋದೆ. ಎಮ್ಮೆಗೆ ಹುಲ್ಲಿಲ್ಲ, ಬೀದಿ ಸುದ್ದಿ ಗೊತ್ತಿಲ್ಲ. ಮೂಲೆ ಮನೆ ಸೊಸೆ ನಿಜವಾಗಿಯೂ ಗಂಟು ಕಟ್ಟಿಕೊಂಡು ತವರಿಗೆ ಹೋಗಿ ವಾಪಸು ಬಂದಿದ್ದು ನನಗೆ ತಿಳಿದಿದ್ದು ಹತ್ತು ದಿನ ಬಿಟ್ಟು!

ಮಂಡ್ಯಕ್ಕೆ ಹೋಗೋ ಹಿಂದಿನ ದಿನ ನನಗೆ ಜ್ಞಾನೋದಯ ಆಯಿತು. ಕಾವಲು ಕಲಿಯೋಕೆ ಹೋಗಿ ಕಾವಲನ್ನೇ ಬಿಟ್ಟಿದ್ದೆ. ತಿಂಗಳಿಡೀ ಆಲೆಮನೆ ದಾರಿ ಇವರಿಗೆ ಹೆದ್ದಾರಿ ಆಗಿತ್ತು. ಬಸ್ಸಿನಲ್ಲಿ ಇವರ ಕಾಲು ನೋಡೋಕೂ ಧೈರ್ಯ ಬರಲಿಲ್ಲ.

ಡಾಕ್ಟರು ರಕ್ತದ ಚೀಟಿ ನೋಡಿದರು. ಬೆರಳು ನೋಡಿದರು. ಮತ್ತೆ ಚೀಟಿ ನೋಡಿದರು.

"ಗಾಯ ಒಣಗಿದೆ. ಸಕ್ಕರೆ ಇಳಿದಿದೆ. ಭೇಷ್! ಹೇಗೆ ಬಿಟ್ರಿ ಯಜಮಾನ್ರೇ?"

ಯಜಮಾನರು ಗಂಟಲು ಸರಿ ಮಾಡಿಕೊಂಡರು.

"ಬುಟ್ಟಿದ್ದಲ್ಲ ಸ್ವಾಮಿ, ಮರ್ತಿದ್ದು. ಇವ್ಳು ಒಂದ್ ತಿಂಗ್ಳಿಂದ ದಿನಾ ನಾಕ್ ಗಂಟೆಗೆ ತಲೆ ಮೇಲೆ ಸೆರಗ್ ಎಳ್ಕಂಡು ಇತ್ಲು ಸುತ್ಕಂಡು ಎಲ್ಲೋ ಓಯ್ತಾವ್ಳೆ. ನನ್ ಪಾಲಿನ್ ಬೆಲ್ಲನೂ ಇವ್ಳೇ ತಿಂತಾವ್ಳೆ ಅನ್ಕಂಡು ಇಂದಿಂದೆ ಓದೆ. ನೋಡುದ್ರೆ ಅಂಗ್ಡಿ ಒಳಗೆ ಕುಂತ್ಕಂಡು ಟಿವಿಗೆ ಬೈತಾವ್ಳೆ! ಕಿಟಕಿ ತಾವ ನಿಂತು ಇವ್ಳ ಆಟ ನೋಡಾದ್ರಲ್ಲಿ ಆಲೆಮನೆ ಜ್ಞಾಪಕಕ್ಕೇ ಬರ್ನಿಲ್ಲ."

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಚೀಟಿಯಲ್ಲಿ ಮಾತ್ರೆ ಬರೆದು, ನನ್ನ ಕಡೆ ತಿರುಗಿ, "ಅಜ್ಜಿ, ಮಾತ್ರೆ ಅವರಿಗೆ. ನೀವು ಮಾತ್ರ ದಿನಾ ಹೀಗೇ ಕದ್ದು ಹೋಗ್ತಾ ಇರಿ" ಅಂದರು.

ಡಾಕ್ಟರ ಮಾತು ಮೀರೋಕಾಗುತ್ತಾ? ಈಗಲೂ ನಾಲ್ಕಕ್ಕೆ ಸೆರಗು ಎಳೆದುಕೊಂಡು ಹಿಂದಿನ ಬಾಗಿಲಲ್ಲೇ ಹೋಗ್ತೀನಿ. ಡಾಕ್ಟರ ಮುಂದೆ ಹೇಳಿದ್ದನ್ನೇ ಮರೆತವರ ಹಾಗೆ ಇವರೂ ಕದ್ದೇ ಹಿಂದೆ ಬರ್ತಾರೆ, ನಾನೂ ಗೊತ್ತಿಲ್ಲದ ಹಾಗೆ ಇರ್ತೀನಿ. ಟಿವಿ ಮುಂದೆ ಕೂತ ಐದು ನಿಮಿಷಕ್ಕೆ ಕಿಟಕಿಯಾಚೆ ನಾನು ಹರಡಿದ ಕಬ್ಬಿನ ತರಗು ಸರಸರ ಅನ್ನುತ್ತೆ. ಹಾ, ಹೆಬ್ಬೆರಳು ಬಂತು ಅಂದುಕೊಂಡು ಆಟ ಶುರು ಮಾಡ್ತೀನಿ.